ಒಂದು ಪಿಟೀಲಿನ ಮಟ್ಟು: ಅದರ ಊರು ಯಾವುದು?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರು ಇದ್ದಾರೆ, ನಾನು ಒಂದು ಪಾಠವನ್ನೇ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡೆ. ಮೂವತ್ತಕ್ಕೂ ಹೆಚ್ಚು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ಬೇರೆ ಬಗೆಯ ಬರವಣಿಗೆ ಕೈಗೆ ಹತ್ತುವುದೂ ಕಷ್ಟವೇ. ಹಳೆ ವಿದ್ಯಾರ್ಥಿಗಳು ಅರ್ಧ ಗಂಟೆಯ ಮಟ್ಟಿಗೆ ಮತ್ತೆ ಬೆಂಚಿನ ಮೇಲೆ ಕುಳಿತವರಂತೆ ಭಾವಿಸಿ ಇದನ್ನು ಓದಬೇಕಾಗಿ ವಿನಂತಿ.

ಪಾಠದ ವಿಷಯ ಇಂಗ್ಲೆಂಡಿನ ಒಂದು ಪಿಟೀಲಿನ ಮಟ್ಟು. ಕಾಸರಗೋಡಿನ ಕನ್ನಡ ಶಾಲೆಯ ಸಂಚಿಕೆಗೂ ಅದಕ್ಕೂ ಏನು ಸಂಬಂಧವೆಂದು ಯಾರಾದರೂ ಹುಬ್ಬೇರಿಸಿದರೆ ತಪ್ಪೇನಿಲ್ಲ. ನನ್ನ ಮೊಮ್ಮಗಳು ಮಂಗಳೂರಿನಲ್ಲಿ ಪಾಶ್ಚಾತ್ಯ ಕ್ರಮದ ಪಿಟೀಲು ಕಲಿಯುತ್ತಿದ್ದಾಳೆ. ಅವಳು ಅಭ್ಯಾಸ ಮಾಡುವ 'ದಿ ಐರಿಷ್ ವಾಷರ್‌ವುಮನ್', ಅಂದರೆ 'ಐರ್ಲೆಂಡಿನ ಅಗಸಗಿತ್ತಿ', ಎಂಬ ಮಟ್ಟಿನ ಮೂಲ ಐರ್ಲೆಂಡಲ್ಲ, ಇಂಗ್ಲೆಂಡು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆಂದು ಓದಿದಂದಿನಿಂದ ಈ ವಿಷಯ ನನ್ನನ್ನು ಹಿಡಿದುಕೊಂಡಿತು. ಹಾಡಿನ ಊರು ಯಾವುದು, ಅದು ಯಾರ ಸೊತ್ತು ಎಂಬ ವಾದ ಗಡಿನಾಡಿನವರಾದ ನಮಗೆ ಹೊಸತಲ್ಲ. ನಮ್ಮ ಜಗಳದಲ್ಲಿ ಕಾಣದ ಕೆಲವು ಸಂಗತಿಗಳು ದೂರದವರ ಜಗಳದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಮೊದಲು ವಾದ್ಯದ ಮಾತು. ಇಂಗ್ಲಿಷಿನಲ್ಲಿ 'ವಯೊಲಿನ್' ಮತ್ತು 'ಫಿಡ್ಲ್' ಎಂದು ಎರಡು ಹೆಸರುಗಳಿದ್ದರೂ ವಾದ್ಯ ಒಂದೇ. ಕಛೇರಿಯ ಸಂಗೀತಕ್ಕೆ ಬಳಸಿದರೆ ವಯೊಲಿನ್, ಹಳ್ಳಿಯ ಕುಣಿತಕ್ಕೆ ಬಳಸಿದರೆ ಫಿಡ್ಲ್. ನಮ್ಮ 'ಪಿಟೀಲು' ಎಂಬ ಮಾತು ಈ ಎರಡನೆಯ ಹೆಸರಿಗೆ ಹತ್ತಿರವಾಗಿದೆ ಎಂಬುದನ್ನು ಗಮನಿಸಬೇಕು.

ಇನ್ನು 'ಜಿಗ್'. ಇದು ಒಂದು ಕುಣಿತದ ಹೆಸರೂ ಹೌದು, ಆ ಕುಣಿತಕ್ಕೆ ಬಾರಿಸುವ ಮಟ್ಟಿನ ಹೆಸರೂ ಹೌದು. ಅದರ ಲಕ್ಷಣವನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದು ಸುಲಭ. ಒಂದು ಆವರ್ತಕ್ಕೆ ಎರಡು ಪೆಟ್ಟು. ಒಂದೊಂದು ಪೆಟ್ಟಿನೊಳಗೆ ಮೂರು ಅಕ್ಷರ. ತಕಿಟ ತಕಿಟ, ತಕಿಟ ತಕಿಟ ಎಂದು ಬಾಯಲ್ಲಿ ಹೇಳಿಕೊಂಡು ಸ್ವಲ್ಪ ವೇಗ ಹೆಚ್ಚಿಸಿದರೆ ಜಿಗ್ಗಿನ ನಡೆ ಬಂದಂತೆಯೇ. ಅಂದರೆ ಇದು ನಮ್ಮ ತಿಶ್ರ ನಡೆ. ಮೂರು ಪೆಟ್ಟಿಗೆ ಒಂಬತ್ತು ಅಕ್ಷರ ಬರುವ 'ಸ್ಲಿಪ್ ಜಿಗ್' ಎಂಬ ಇನ್ನೊಂದು ಜಾತಿಯೂ ಇದೆ. ಅದರ ಗೋಜಿಗೆ ಇಲ್ಲಿ ಹೋಗುವುದಿಲ್ಲ.

ಜಿಗ್ ಎಂಬ ಶಬ್ದ ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು 16ನೆಯ ಶತಮಾನದಲ್ಲಿ. ಷೇಕ್ಸ್‌ಪಿಯರ್ ತನ್ನ 'ಮಚ್ ಅಡೂ ಅಬೌಟ್ ನಥಿಂಗ್' ಎಂಬ ಪ್ರಹಸನದಲ್ಲಿ ಪ್ರಣಯದ ಆತುರವನ್ನು ಸ್ಕಾಟ್ಲೆಂಡಿನ ಜಿಗ್ಗಿಗೆ ಹೋಲಿಸಿದ್ದಾನೆ. ಅದೇ ಕಾಲದ ಲಂಡನ್ನಿನ ರಂಗಭೂಮಿಯಲ್ಲಿ ಜಿಗ್ ಎಂದರೆ ಇನ್ನೊಂದು ಅರ್ಥವೂ ಇತ್ತು. ಗಂಭೀರವಾದ ನಾಟಕ ಮುಗಿದ ಬಳಿಕ ವಿದೂಷಕರು ಬಂದು ಹಾಡುತ್ತ ಕುಣಿಯುತ್ತ ಆಡಿ ತೋರಿಸುತ್ತಿದ್ದ ಚಿಕ್ಕ ಹಾಸ್ಯ ಪ್ರಸಂಗಕ್ಕೂ ಜಿಗ್ ಎಂದೇ ಹೆಸರು. ರಿಚರ್ಡ್ ಟಾರ್ಲ್‌ಟನ್, ವಿಲ್ ಕೆಂಪ್ ಮೊದಲಾದ ಹಾಸ್ಯಗಾರರು ಇದರಲ್ಲಿ ಹೆಸರಾದವರು. ಈ ಕೆಂಪ್ ಎಂಬಾತ 1600ರಲ್ಲಿ ಲಂಡನ್ನಿನಿಂದ ನಾರ್ವಿಚ್ ನಗರದ ತನಕ ಕುಣಿಯುತ್ತಲೇ ಹೋದನಂತೆ. ನಡುವೆ ವಿಶ್ರಮಿಸಿದ ದಿನಗಳನ್ನು ಬಿಟ್ಟು ಕುಣಿದ ದಿನಗಳು ಒಂಬತ್ತು. ಜಿಗ್ ನೋಡಲೆಂದೇ ಪುಂಡರು ಗುಂಪುಗೂಡುತ್ತಾರೆಂದು 1612ರಲ್ಲಿ ಮಿಡ್ಲ್‌ಸೆಕ್ಸಿನ ನ್ಯಾಯಾಧಿಕಾರಿಗಳು ನಾಟಕದ ಕೊನೆಯ ಜಿಗ್ಗುಗಳನ್ನು ನಿಷೇಧಿಸಿದರು. ಬೆಳಗಿನ ಜಾವದ ತನಕ ಆಟ ನೋಡುವ ನಮ್ಮ ಜನರಿಗೆ ಹಾಸ್ಯಗಾರನಿಗಾಗಿ ಕಾದು ಕೂರುವುದೆಂದರೇನೆಂದು ವಿವರಿಸಬೇಕಾಗಿಲ್ಲ.

ಆ ಹಾಡುಗಳಿಗೆ ಹೊಸ ಮಟ್ಟು ಕಟ್ಟುವ ಪದ್ಧತಿ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಟ್ಟಿಗೆ ಹೊಸ ಮಾತು ಹೊಂದಿಸುತ್ತಿದ್ದರು. ಬೀದಿಯಲ್ಲಿ ಬಿಡಿಹಾಳೆಗಳಾಗಿ ಮಾರಾಟವಾಗುತ್ತಿದ್ದ ಲಾವಣಿಗಳ ತಲೆಯಲ್ಲಿ ಕೂಡ 'ಇಂಥ ಹಾಡಿನ ಮಟ್ಟಿನಲ್ಲಿ ಹಾಡತಕ್ಕದ್ದು' ಎಂದಷ್ಟೇ ಅಚ್ಚಾಗಿರುತ್ತಿತ್ತು, ಸ್ವರಲಿಪಿ ಇರುತ್ತಿರಲಿಲ್ಲ. ನಮ್ಮ ಕಂಪೆನಿ ನಾಟಕಗಳ ಹಾಡಿನ ಪುಸ್ತಕಗಳನ್ನು ಕಂಡವರಿಗೆ ಇದು ಪರಿಚಿತ ಕ್ರಮವೇ. ಹೀಗಾಗಿ ಒಂದೇ ಮಟ್ಟು ಹತ್ತು ಹಾಡುಗಳಿಗೆ ಸೇರಿ, ಹತ್ತು ಹೆಸರುಗಳನ್ನು ಪಡೆಯುತ್ತಿತ್ತು. ಮಟ್ಟಿನ ಮೂಲವನ್ನು ಹುಡುಕುವವನಿಗೆ ಎದುರಾಗುವ ಮೊದಲನೆಯ ತೊಡಕು ಇದು.

ಈಗ ನಮ್ಮ ಮಟ್ಟಿಗೆ ಬರೋಣ. ಅದರ ಹೆಸರು 'ಡಾರ್ಗಸನ್'. ಲಂಡನ್ನಿನ ಜಾನ್ ಪ್ಲೇಫರ್ಡ್ ಎಂಬ ಪುಸ್ತಕ ವ್ಯಾಪಾರಿ 1651ರಲ್ಲಿ 'ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್' ಎಂಬ ಪುಸ್ತಕವನ್ನು ಪ್ರಕಟಿಸಿದನು. ನೂರಕ್ಕೂ ಮಿಕ್ಕಿದ ಹಳ್ಳಿಗಾಡಿನ ಕುಣಿತಗಳ ಕ್ರಮ, ಪ್ರತಿಯೊಂದಕ್ಕೂ ಒಂದೊಂದು ಮಟ್ಟಿನ ಸ್ವರಲಿಪಿ ಅದರಲ್ಲಿವೆ. ವಕೀಲರು ವಾಸಿಸುತ್ತಿದ್ದ ಇನ್ನರ್ ಟೆಂಪಲ್ ಎಂಬ ಆವರಣದಲ್ಲಿ, ಚರ್ಚಿನ ಬಾಗಿಲ ಬಳಿ ಅವನ ಅಂಗಡಿ. ಹಳ್ಳಿಗಾಡಿನ ಕುಣಿತವೆಂದು ಹೆಸರಿದ್ದರೂ ಕೊಂಡವರು ನಗರದ ವಿದ್ಯಾವಂತರು ಎಂಬುದು ಇದರಿಂದಲೇ ತಿಳಿಯುತ್ತದೆ. ಕಾಲವನ್ನು ನೋಡಿ: 1642ರಲ್ಲಿ ನಾಟಕಶಾಲೆಗಳನ್ನು ಮುಚ್ಚಿಸಲಾಗಿತ್ತು, 1649ರಲ್ಲಿ ಅರಸನ ಶಿರಚ್ಛೇದವಾಗಿತ್ತು, ಮಡಿವಂತ ಪ್ಯೂರಿಟನ್ನರ ಕೈಯಲ್ಲಿ ಆಡಳಿತವಿತ್ತು. ಅಂಥ ಕಾಲದಲ್ಲಿ ಕುಣಿತದ ಪುಸ್ತಕವೊಂದು ಪ್ರಕಟವಾಗಿ, ಮುಂದೆ 1728ರ ಸುಮಾರಿನವರೆಗೆ ಹದಿನೆಂಟು ಆವೃತ್ತಿಗಳನ್ನು ಕಂಡಿತು. ರಾಜ್ಯ ಯಾರದೇ ಇರಲಿ, ಕುಣಿಯುವವರು ಕುಣಿಯುತ್ತಲೇ ಇರುತ್ತಾರೆ.

ಆ ಮೊದಲ ಪುಸ್ತಕದಲ್ಲಿಯೇ ಡಾರ್ಗಸನ್ ಇದೆ. ಅದಕ್ಕೆ 'ಸೆಡಾನಿ' ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಚ್ಚಿಗೆ ಬರುವಾಗಲೇ ಎರಡು ಹೆಸರುಗಳಿದ್ದ ಮಟ್ಟು ಅಂದು ಹುಟ್ಟಿದ್ದಾಗಿರಲಾರದು. ಡಾರ್ಗಸನ್ ಎಂಬ ಮಾತು 1606ರಲ್ಲಿ ಪ್ರಕಟವಾದ 'ದಿ ಐಲ್ ಆಫ್ ಗಲ್ಸ್' ಎಂಬ ನಾಟಕದಲ್ಲಿಯೂ ಒಂದು ಹಾಡಿನ ತುಣುಕಿನೊಡನೆ ಬರುತ್ತದೆ.

ಈ ಮಟ್ಟಿಗೆ ಒಂದು ವಿಶೇಷವಿದೆ. ಸಾಮಾನ್ಯವಾಗಿ ಜಿಗ್ಗಿನಲ್ಲಿ ಎಂಟೆಂಟು ಆವರ್ತಗಳ ಎರಡು ಭಾಗಗಳಿದ್ದು, ನಮ್ಮ ಪಲ್ಲವಿ-ಚರಣಗಳಂತೆ ಒಂದರ ಬಳಿಕ ಇನ್ನೊಂದು ಬರುತ್ತದೆ. ಪ್ರತಿಯೊಂದನ್ನೂ ಎರಡು ಸಲ ಬಾರಿಸುತ್ತಾರೆ. ಡಾರ್ಗಸನ್ ಇರುವುದು ಎಂಟೇ ಆವರ್ತ. ಅದರ ಕೊನೆ ಷಡ್ಜದಲ್ಲಿ ನೆಲೆಯಾಗಿ ನಿಲ್ಲುವುದಿಲ್ಲ, ಮೊದಲಿನತ್ತಲೇ ಬಾಗುತ್ತದೆ. ಬಾರಿಸುವವನು ತಾನಾಗಿ ನಿಲ್ಲಿಸಿದ ಹೊರತು ಗಾಣದ ಎತ್ತಿನಂತೆ ಅದು ಸುತ್ತುತ್ತಲೇ ಇರುತ್ತದೆ. ಅದರ ಕುಣಿತವೂ ಹಾಗೆಯೇ. ಗಂಡಸರೆಲ್ಲ ಒಂದು ಕಡೆ, ಹೆಂಗಸರೆಲ್ಲ ಒಂದು ಕಡೆ ಮುಖಮಾಡಿ ಒಂದೇ ಉದ್ದ ಸಾಲಾಗಿ ನಿಲ್ಲುತ್ತಾರೆ. ನಡುವಿನ ಇಬ್ಬರು ಎದುರಾಗಿ ಹೆಜ್ಜೆ ಹಾಕಿ, ತಿರುಗಿ, ಒಬ್ಬರನ್ನೊಬ್ಬರು ದಾಟಿ ಮುಂದಿನವರ ಎದುರು ನಿಲ್ಲುತ್ತಾರೆ. ಮಟ್ಟು ಒಂದು ಸುತ್ತು ಬರುವಷ್ಟರಲ್ಲಿ ಇನ್ನೊಬ್ಬರ ಭೇಟಿ.

ಇದರ ಊರು ಯಾವುದು? 1651ರ ಪುಸ್ತಕದ ಹೆಸರಿನಲ್ಲಿಯೇ 'ಇಂಗ್ಲಿಷ್' ಎಂದಿದೆ. ಆದರೆ 18ನೆಯ ಶತಮಾನದ ಕೊನೆಯಲ್ಲಿ ವೇಲ್ಸಿನ ಹಾರ್ಪ್ ವಾದಕ ಎಡ್ವರ್ಡ್ ಜೋನ್ಸ್ ತನ್ನ ನಾಡಿನ ಹಳೆಯ ಮಟ್ಟುಗಳನ್ನು ಸಂಗ್ರಹಿಸಿ ಅಚ್ಚು ಹಾಕಿದಾಗ ಇದೇ ಮಟ್ಟು ವೇಲ್ಸಿನ 'ಕನ್‌ವಿಡ್' ಎಂಬ ಊರಿನ ಹೆಸರನ್ನು ಹೊತ್ತು ಬಂದಿತು. ವೇಲ್ಸಿನವರು ತಮ್ಮದೆಂದರು; ಇಂಗ್ಲೆಂಡಿನವರು ತಮ್ಮಲ್ಲಿ ನೂರು ವರ್ಷ ಮೊದಲೇ ಅಚ್ಚಾಗಿದೆಯೆಂದರು. ಎರಡೂ ನಾಡುಗಳ ನಡುವಿನ ಗಡಿ ಬೇಲಿ ದಾಟಿದಷ್ಟು ಸುಲಭ. ಸಂತೆಗೆ, ಕೂಲಿಗೆ, ಮದುವೆಗೆ ಜನರು ಅತ್ತಿಂದಿತ್ತ ಓಡಾಡುತ್ತಿದ್ದವರು. ಪಿಟೀಲಿನವನು ಕಾಸು ಕೊಡುವ ಮನೆ ಇಂಗ್ಲಿಷಿನದೋ ವೆಲ್ಷಿನದೋ ಎಂದು ನೋಡುವವನಲ್ಲ.

ಐರ್ಲೆಂಡಿನ ಕಥೆ ಇನ್ನೂ ಸ್ವಾರಸ್ಯಕರ. 'ಐರಿಷ್ ವಾಷರ್‌ವುಮನ್' ಇಂದು ಲೋಕದಲ್ಲೆಲ್ಲ ಐರಿಷ್ ಜಿಗ್ಗಿನ ಮಾದರಿಯೆಂದೇ ಪ್ರಸಿದ್ಧ. ಅದರ ಮೊದಲ ಭಾಗದ ರಚನೆಯನ್ನು ಸ್ವರಗಳಲ್ಲಿ ಹೇಳುವುದಾದರೆ, ಮೊದಲ ಆವರ್ತ 'ಗಸಸ ಪಸಸ'. ಇಲ್ಲಿ ಪಂಚಮ ಮಂದ್ರಸ್ಥಾಯಿಯದು. ಮೂರನೆಯ ಆವರ್ತದಲ್ಲಿ ಅದೇ ಆಕೃತಿ ಒಂದು ಸ್ವರ ಮೇಲೇರಿ 'ಮರಿರಿ ದರಿರಿ' ಎಂದಾಗುತ್ತದೆ, ಧೈವತವೂ ಮಂದ್ರದ್ದೇ. ಶಂಕರಾಭರಣದ ಸ್ವರಗಳಲ್ಲಿ ಹಾರ್ಮೋನಿಯಂ ಮೇಲೆ ಒತ್ತಿ ನೋಡಿದರೆ ಮಟ್ಟಿನ ಮುಖ ಕೂಡಲೇ ಗುರುತು ಸಿಕ್ಕೀತು. ಈ ಮಟ್ಟು ಡಾರ್ಗಸನ್ನಿನಿಂದ, ನಡುವೆ 'ದಿ ಕಂಟ್ರಿ ಕೋರ್ಟ್‌ಶಿಪ್' ಎಂಬ ಇನ್ನೊಂದು ಮಟ್ಟಿನ ಮೂಲಕ ಬೆಳೆದು ಬಂದದ್ದೆಂದು ಕೆಲವು ಸಂಗೀತ ವಿದ್ವಾಂಸರ ಅಭಿಪ್ರಾಯ. 1791ರಲ್ಲಿ ಲಂಡನ್ನಿನ 'ದಿ ಸರೆಂಡರ್ ಆಫ್ ಕ್ಯಾಲೆ' ಎಂಬ ನಾಟಕದಲ್ಲಿ ಐರಿಷ್ ಸೈನಿಕನ ಪಾತ್ರದ ಹಾಡಿಗೆ ಇದನ್ನು ಬಳಸಿದರು. 1792ರಲ್ಲಿ ಸ್ಕಾಟ್ಲೆಂಡಿನ ಪ್ರಖ್ಯಾತ ಪಿಟೀಲುವಾದಕ ನೀಲ್ ಗೋ ಪ್ರಕಟಿಸಿದ ಸಂಗ್ರಹದಲ್ಲಿ ಅಗಸಗಿತ್ತಿಯ ಹೆಸರಿನಿಂದಲೇ ಅಚ್ಚಾಯಿತು. ಅಂದರೆ ಐರ್ಲೆಂಡಿನ ಹೆಸರು ಹೊತ್ತ ಮಟ್ಟಿನ ಹಳೆಯ ಮುದ್ರಿತ ಸಾಕ್ಷ್ಯ ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ಸ್ಕಾಟ್ಲೆಂಡಿನಲ್ಲಿ! ಆ ಕಾಲದ ಲಂಡನ್ನಿನ ಪ್ರೇಕ್ಷಕರಿಗೆ ರಂಗದ ಮೇಲಿನ ಐರಿಷ್ ಪಾತ್ರವೆಂದರೆ ನಗೆಯ ವಸ್ತು. 'ಐರಿಷ್' ಎಂಬ ವಿಶೇಷಣ ಎಷ್ಟೋ ಸಲ ಊರಿನ ಗುರುತಲ್ಲ, ಅಣಕದ ಗುರುತು.

ಇಷ್ಟು ಹೇಳಿದ ಮಾತ್ರಕ್ಕೆ ಐರ್ಲೆಂಡಿನವರ ಹಕ್ಕು ತಪ್ಪಿಹೋಯಿತೆಂದು ನಾನು ಒಪ್ಪುವುದಿಲ್ಲ. ಕೌಂಟಿ ಕಾರ್ಕಿನಲ್ಲಿ 1848ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಷಿಕಾಗೋ ನಗರದ ಪೊಲೀಸ್ ಮುಖ್ಯಸ್ಥರಾದ ಫ್ರಾನ್ಸಿಸ್ ಓ'ನೀಲ್ ಎಂಬವರು, ಅಲ್ಲಿ ನೆಲೆಸಿದ್ದ ಐರಿಷ್ ವಾದ್ಯಗಾರರ ಬಾಯಿಂದ, ಕೈಯಿಂದ ಮಟ್ಟುಗಳನ್ನು ಬರೆಸಿಕೊಂಡು 1907ರಲ್ಲಿ 1001 ನೃತ್ಯದ ಮಟ್ಟುಗಳ ಸಂಪುಟವನ್ನು ಪ್ರಕಟಿಸಿದರು. ಅಗಸಗಿತ್ತಿ ಅದರಲ್ಲಿಯೂ ಇದ್ದಾಳೆ. ಕಳ್ಳರನ್ನು ಹಿಡಿಯುವ ಇಲಾಖೆಯವರು ಮಟ್ಟುಗಳನ್ನು ಹಿಡಿದಿಟ್ಟ ಉದಾಹರಣೆ ಬೇರೆಲ್ಲೂ ನಾನು ಓದಿಲ್ಲ. ಮೊದಲು ಬರೆದವನು ಲಂಡನ್ನಿನವನಾಗಿದ್ದರೂ ನೂರಾರು ವರ್ಷ ಅದನ್ನು ಬಾರಿಸಿ, ತಿದ್ದಿ, ಕುಣಿದು ಉಳಿಸಿದವರಲ್ಲಿ ಐರ್ಲೆಂಡಿನವರು ಮುಂದಿದ್ದಾರೆ.

ಇಲ್ಲಿ ನನ್ನ ಅನುಭವದ ಒಂದು ಸಂಗತಿಯನ್ನು ಹೇಳದಿರಲಾರೆ. ಹಲವು ವರ್ಷಗಳ ಹಿಂದೆ ಒಂದು ಜಾನಪದ ಗೀತೆಯ ಸ್ಪರ್ಧೆಗೆ ನಮ್ಮ ಶಾಲೆಯ ಆರು ಮಂದಿ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ನೇಜಿ ನೆಡುವಾಗ ಅವರ ಅಜ್ಜಿಯರು ಹಾಡುತ್ತಿದ್ದ ಹಾಡು. ಮಾತು ಕನ್ನಡದ್ದು, ಎತ್ತುಗಡೆಯ ಸೊಲ್ಲು ತುಳುವಿನದ್ದು. ತೀರ್ಪುಗಾರರಲ್ಲಿ ಒಬ್ಬರು, ಇದರ ಧಾಟಿ ಕನ್ನಡದ್ದಲ್ಲ, ಆದ್ದರಿಂದ ಪರಿಗಣಿಸಲಾಗದು ಎಂದರು. "ಕನ್ನಡದ್ದಲ್ಲವೆಂದು ತಾವು ಹೇಗೆ ನಿರ್ಣಯಿಸಿದಿರಿ? ಎಲ್ಲಿ, ಯಾವಾಗ ಬರೆದಿಟ್ಟದ್ದುಂಟು?" ಎಂದು ನಾನು ವಿನಯದಿಂದಲೇ ಕೇಳಿದೆ. "ಕೇಳಿದರೇ ಗೊತ್ತಾಗುತ್ತದೆ ಮಾಸ್ಟ್ರೇ" ಎಂಬುದು ಉತ್ತರ. ಹಿಂದೆ ಬರುವಾಗ ಬಸ್ಸಿನಲ್ಲಿ ಆ ಹುಡುಗಿಯರಲ್ಲಿ ಒಬ್ಬಳು, "ಹಾಗಾದರೆ ನಮ್ಮ ಅಜ್ಜಿ ಯಾರ ಹಾಡು ಹಾಡಿದ್ದು ಸರ್?" ಎಂದು ಕೇಳಿದಳು. ಸಪ್ತಭಾಷಾ ಸಂಗಮಭೂಮಿಯೆಂದು ವೇದಿಕೆಯ ಮೇಲೆ ನಮ್ಮ ಊರನ್ನು ಹೊಗಳುವುದುಂಟು. ಏಳು ಭಾಷೆಗಳು ಒಂದೇ ಗದ್ದೆಯಲ್ಲಿ ನೇಜಿ ನೆಟ್ಟರೆ ಧಾಟಿಗಳು ಮಾತ್ರ ಬೇರೆ ಬೇರೆ ಬದುವಿನಲ್ಲಿ ನಿಲ್ಲಬೇಕೆಂದರೆ ಹೇಗೆ?

ಡಾರ್ಗಸನ್ನಿನ ವಿಚಾರವನ್ನು ಓದುತ್ತ ಹೋದಂತೆ ಆ ಹುಡುಗಿಯ ಪ್ರಶ್ನೆ ಒಂದಲ್ಲ, ಮೂರು ಎಂದು ನನಗೆ ತೋರಿತು. ಮೊದಲು ಬರೆದಿಟ್ಟದ್ದು ಎಲ್ಲಿ? ಹೆಸರಿಟ್ಟವರು ಯಾರು? ಬಳಸಿ ಉಳಿಸಿದವರು ಯಾರು? ಮೂರಕ್ಕೂ ಉತ್ತರ ಒಂದೇ ಆಗಬೇಕೆಂಬ ನಿಯಮವಿಲ್ಲ. ಮೊದಲನೆಯ ಪ್ರಶ್ನೆಗೆ ಕಾಗದದ ಸಾಕ್ಷ್ಯ ಬೇಕು. ಆದರೆ ಕಾಗದ ಇರುವುದು ಓದುಬರಹ ಬಲ್ಲವರ ಕೈಯಲ್ಲಿ. ಎರಡನೆಯದು ಎಷ್ಟೋ ಸಲ ಅನ್ಯರ ಕೆಲಸ. ಮೂರನೆಯದಕ್ಕೆ ಉತ್ತರವನ್ನು ಗದ್ದೆಯಲ್ಲಿ, ಜಗಲಿಯಲ್ಲಿ ಹುಡುಕಬೇಕು. ಬರೆದವನಿಗೆ ಕೀರ್ತಿ ಕೊಟ್ಟು ಹಾಡಿದವಳನ್ನು ಮರೆಯುವುದು ಅನ್ಯಾಯ. ಹಾಡಿದವಳ ಪ್ರೀತಿಯಿಂದ ಬರೆದ ಸಾಕ್ಷ್ಯವನ್ನೇ ಅಲ್ಲಗಳೆಯುವುದೂ ಸರಿಯಲ್ಲ.

ಇಂಗ್ಲೆಂಡಿನ ಹಳ್ಳಿಯ ಪಿಟೀಲುಗಾರರಲ್ಲಿಯೂ ತಮ್ಮ ಮಟ್ಟುಗಳನ್ನು ತಾವೇ ಬರೆದಿಟ್ಟುಕೊಂಡವರು ಇದ್ದರು. ಕೂಲಿಕಾರರ ಮನೆಯಲ್ಲಿ ಹುಟ್ಟಿದ ಕವಿ ಜಾನ್ ಕ್ಲೇರ್ ಜಿಪ್ಸಿಗಳಿಂದ ಪಿಟೀಲು ಕಲಿತು, ಇನ್ನೂರಕ್ಕೂ ಹೆಚ್ಚು ಮಟ್ಟುಗಳನ್ನು ಕೈಬರಹದಲ್ಲಿ ಸಂಗ್ರಹಿಸಿದ್ದಾನೆ. ಕಾಲೇಜಿಗೆ ಹೋದವರು ಕಾದಂಬರಿಕಾರ ಥಾಮಸ್ ಹಾರ್ಡಿಯನ್ನು ಪರೀಕ್ಷೆಗಾಗಿ ಓದಿರಬಹುದು. ಅವನ ಅಜ್ಜ ಮತ್ತು ತಂದೆ ಊರ ಚರ್ಚಿನಲ್ಲಿ ದೇವರ ಹಾಡಿಗೂ, ಊರ ಕುಣಿತಕ್ಕೂ ಬಾರಿಸುತ್ತಿದ್ದವರು, ಅವನೂ ಬಾಲ್ಯದಿಂದಲೇ ಪಿಟೀಲು ಹಿಡಿದವನು. 19ನೆಯ ಶತಮಾನದಲ್ಲಿ ಚರ್ಚುಗಳಿಗೆ ಹಾರ್ಮೋನಿಯಂ, ಆರ್ಗನ್ನುಗಳು ಬಂದು ಈ ಹಳ್ಳಿಯ ಮೇಳಗಳು ಮೂಲೆಗುಂಪಾದವು.

ಇದೇ ವಾದ್ಯ ನಮ್ಮ ದಕ್ಷಿಣ ದೇಶಕ್ಕೂ ಬಂದಿತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಬಳಿಯ ಮಣಲಿಯಲ್ಲಿ ಯೂರೋಪಿನ ವಾದ್ಯಗಾರನೊಬ್ಬನಿಂದ ಪಿಟೀಲು ಕಲಿತು, ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಅಣ್ಣನವರು ಇಂಗ್ಲಿಷರ ಬ್ಯಾಂಡಿನಲ್ಲಿ ಕೇಳಿದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿದರು. ಅವೇ 'ನೊಟ್ಟುಸ್ವರ' ಕೃತಿಗಳು. ಇಂಗ್ಲೆಂಡಿನ ರಾಜಗೀತೆಯ ಮಟ್ಟಿನಲ್ಲಿ ಅವರು ಶ್ಯಾಮಲಾಂಬೆಯನ್ನು ಸ್ತುತಿಸಿದ 'ಸಂತತಂ ಪಾಹಿಮಾಂ' ಪ್ರಸಿದ್ಧವಾಗಿದೆ. ಮುಂದೆ ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿ ನಾಡಿನ ಹೆಮ್ಮೆಯಾದರು. ಪಿಟೀಲು ಪರದೇಶದ್ದೆಂದು ಇಂದು ಯಾವ ಕಛೇರಿಯಲ್ಲಿಯೂ ಯಾರೂ ಆಕ್ಷೇಪಿಸುವುದಿಲ್ಲ.

ಡಾರ್ಗಸನ್ನಿನ ಕಥೆಗೆ ಇನ್ನೊಂದು ಅಧ್ಯಾಯವಿದೆ. ಉಪಾಧ್ಯಾಯನಾದ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ. ಗುಸ್ತಾವ್ ಹೋಲ್ಸ್ಟ್ (1874–1934) ಇಂಗ್ಲೆಂಡಿನ ಪ್ರಸಿದ್ಧ ಸಂಗೀತ ರಚನಕಾರ. ಸಂಸ್ಕೃತವನ್ನು ಕಲಿತು, ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ಮೇಳಗಾಯನಕ್ಕೆ ಅಳವಡಿಸಿದವನು; ಮಹಾಭಾರತದ ಸಾವಿತ್ರಿಯ ಕಥೆಯನ್ನು ಗೀತನಾಟಕವಾಗಿಸಿದವನು; ಕಾಳಿದಾಸನ ಮೇಘದೂತಕ್ಕೂ ಸಂಗೀತ ಕಟ್ಟಿದವನು. ಇಷ್ಟೆಲ್ಲ ಮಾಡಿದವನ ಜೀವನೋಪಾಯ ಶಾಲೆಯ ಮೇಷ್ಟರಿಕೆ. ಲಂಡನ್ನಿನ ಹ್ಯಾಮರ್‌ಸ್ಮಿತ್ತಿನಲ್ಲಿರುವ ಸೇಂಟ್ ಪಾಲ್ಸ್ ಬಾಲಿಕಾ ಶಾಲೆಯಲ್ಲಿ 1905ರಿಂದ ತನ್ನ ಮರಣದವರೆಗೂ ಸಂಗೀತಾಧ್ಯಾಪಕನಾಗಿದ್ದನು. ಹೊರಗಿನ ಸದ್ದು ಒಳಗೆ ಬಾರದಂಥ ಒಂದು ಸಂಗೀತದ ಕೋಣೆಯನ್ನು ಶಾಲೆಯವರು 1913ರಲ್ಲಿ ಅವನಿಗೆ ಕಟ್ಟಿಸಿಕೊಟ್ಟರು. ಕೃತಜ್ಞತೆಯಿಂದ ಅವನು ಶಾಲೆಯ ಹುಡುಗಿಯರ ವಾದ್ಯಮೇಳಕ್ಕಾಗಿ 'ಸೇಂಟ್ ಪಾಲ್ಸ್ ಸ್ವೀಟ್' ಎಂಬ ನಾಲ್ಕು ಭಾಗಗಳ ಕೃತಿಯನ್ನು ರಚಿಸಿದನು. ಮೊದಲ ಭಾಗವೇ ಒಂದು ಜಿಗ್. ಕೊನೆಯ ಭಾಗ ಡಾರ್ಗಸನ್.

ಇದೇ ಕೊನೆಯ ಭಾಗವನ್ನು ಅವನು 1911ರಲ್ಲಿ ಸೈನಿಕ ಬ್ಯಾಂಡಿಗಾಗಿ ಬರೆದಿದ್ದನು. ಡಾರ್ಗಸನ್ನಿನ ಎಂಟು ಆವರ್ತಗಳು ಆರಂಭದಿಂದ ಸುತ್ತತೊಡಗುತ್ತವೆ. ವಾದ್ಯಗಳು ಬದಲಾಗುತ್ತವೆ, ದನಿ ಏರಿಳಿಯುತ್ತದೆ, ಮಟ್ಟು ಮಾತ್ರ ಅದೇ. ನಡುವೆ 'ಗ್ರೀನ್‌ಸ್ಲೀವ್ಸ್' ಎಂಬ ಇನ್ನೊಂದು ಹಳೆಯ ಮಟ್ಟು ನಿಧಾನವಾಗಿ ಅದರ ಮೇಲೆ ತೇಲಿ ಬರುತ್ತದೆ. ಅದು 1580ರಲ್ಲಿ ಲಂಡನ್ನಿನಲ್ಲಿ ದಾಖಲಾದ ಲಾವಣಿಯ ಮಟ್ಟು. ಡಾರ್ಗಸನ್ನಿನ ಆರು ಅಕ್ಷರಗಳು ಮೂರು-ಮೂರಾಗಿ ಎರಡು ಪೆಟ್ಟಿಗೆ ಒಡೆಯುತ್ತವೆ. ಗ್ರೀನ್‌ಸ್ಲೀವ್ಸ್‌ನಲ್ಲಿ ಅದೇ ಆರು ಅಕ್ಷರಗಳು ಎರಡು-ಎರಡಾಗಿ ಮೂರು ಪೆಟ್ಟಿಗೆ. ಎರಡು ಲೆಕ್ಕಗಳೂ ಏಕಕಾಲದಲ್ಲಿ ನಡೆಯುತ್ತವೆ. ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಮೂರು ಪೆಟ್ಟು ಮೇಜಿನ ಮೇಲೆ ಒಟ್ಟಿಗೆ ಹಾಕಿ ನೋಡಿದರೆ ಎಷ್ಟು ಕಷ್ಟವೆಂದು ತಿಳಿದೀತು; ಮದ್ದಳೆಯವರಿಗೆ ಸುಲಭವಾದೀತು.

ನಿಲ್ಲದೆ ಸುತ್ತುವ ಮಟ್ಟನ್ನು ನಿಲ್ಲಿಸುವುದು ಹೇಗೆಂಬುದು ಅವನ ಮುಂದಿದ್ದ ಸಮಸ್ಯೆ. ಬ್ಯಾಂಡಿನ ಕೃತಿಯಲ್ಲಿ ವಾದ್ಯಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಬಂದು, ಕೊನೆಗೆ ಎರಡನ್ನೇ ಉಳಿಸುತ್ತಾನೆ: ಎಲ್ಲಕ್ಕಿಂತ ಎತ್ತರದ ದನಿಯ ಪಿಕಲೋ ಕೊಳಲು, ಎಲ್ಲಕ್ಕಿಂತ ತಗ್ಗಿನ ದನಿಯ ಟ್ಯೂಬಾ ಕಹಳೆ. ನಡುವೆ ಏನೂ ಇಲ್ಲ. ಅಷ್ಟು ದೂರದಿಂದ ಅವೆರಡೂ ಮಟ್ಟಿನ ತುಣುಕುಗಳನ್ನು ಒಂದಕ್ಕೊಂದು ಒಪ್ಪಿಸುತ್ತವೆ. ಆ ಬಳಿಕ ಇಡೀ ಬ್ಯಾಂಡು ಒಮ್ಮೆಲೇ ಒಂದು ಪೆಟ್ಟು ಹಾಕಿ ನಿಲ್ಲುತ್ತದೆ.